ಸನ್ನತಿ–ಕನಗನಹಳ್ಳಿ

ಕಲಬುರಗಿ ಜಿಲ್ಲೆಯ ಚಿತ್ತಾಪುರ ತಾಲ್ಲೂಕಿನಲ್ಲಿ ಭೀಮಾ ನದಿಯ ದಂಡೆಯಲ್ಲಿರುವ ಪ್ರಾಚೀನ ಬೌದ್ಧ ನೆಲೆ. 1986ರಲ್ಲಿ ಸನ್ನತಿಯ ಚಂದ್ರಲಾಂಬಾ ದೇವಾಲಯದ ಆವರಣದಲ್ಲಿ ಕಾಳಿ ಗುಡಿಯ ಛಾವಣಿ ಕುಸಿದಾಗ, ದೇವಿಯ ಪೀಠವಾಗಿದ್ದ ಕಲ್ಲಿನ ಮೇಲೆ ಅಶೋಕನ ಪ್ರಾಕೃತ ಶಾಸನ ಕಂಡಿತು. ವಿಗ್ರಹ ಕೂರಿಸಲೆಂದು ನಡುವೆ ತೂತು ಕೊರೆದದ್ದರಿಂದ ಕೆಲವು ಅಕ್ಷರಗಳು ಅಳಿದಿವೆ. ಪಕ್ಕದ ಕನಗನಹಳ್ಳಿಯಲ್ಲಿ 1990ರ ದಶಕದಲ್ಲಿ ಆರಂಭವಾದ ಉತ್ಖನನದಿಂದ ಮಹಾಸ್ತೂಪ ಹೊರಬಂತು. ಸುಣ್ಣಕಲ್ಲಿನ ಚಪ್ಪಡಿಗಳ ಮೇಲೆ ಜಾತಕ ಕಥೆಗಳ, ಶಾತವಾಹನ ಅರಸರ ಶಿಲ್ಪಗಳಿವೆ. ಎಲ್ಲಕ್ಕಿಂತ ಅಮೂಲ್ಯವಾದುದು ರಾಣಿ, ಪರಿಚಾರಿಕೆಯರೊಡನೆ ನಿಂತ ಅಶೋಕನ ಉಬ್ಬುಶಿಲ್ಪ; ‘ರಾಯೋ ಅಸೋಕೋ’ ಎಂಬ ಬ್ರಾಹ್ಮಿ ಬರಹ ಜೊತೆಗೇ ಇರುವುದರಿಂದ ಗುರುತಿನ ಬಗ್ಗೆ ಅನುಮಾನಕ್ಕೆ ಎಡೆಯಿಲ್ಲ. ಬಾದಾಮಿಯ ಗುಹಾಲಯಗಳಿಗಿಂತ ಈ ಶಿಲ್ಪಗಳು ಶತಮಾನಗಳಷ್ಟು ಹಳೆಯವು. ಕಮಲಾಪುರ, ಕಲಬುರಗಿಯ ಕಡೆಯಿಂದ ಬರುವವರು ಬೆಳಗ್ಗೆಯೇ ಹೊರಡುವುದು ಒಳ್ಳೆಯದು. ಚಪ್ಪಡಿಗಳನ್ನು ಮುಟ್ಟದೆ ನೋಡಬೇಕು.