‘ವಿಶೇಷ’ ಯಾವುದಕ್ಕೆ ವಿಶೇಷಣ?

ಕನ್ನಡದ ದಿನಬಳಕೆಯಲ್ಲಿ ‘ವಿಶೇಷ’ ಎಂಬ ಸಂಸ್ಕೃತಮೂಲದ ಪದಕ್ಕೆ ಸಿಕ್ಕಿರುವ ಸಲಿಗೆ ಅದರ ಜೋಡಿಪದವಾದ ‘ಸಾಮಾನ್ಯ’ಕ್ಕೆ ಸಿಕ್ಕಿಲ್ಲ. ಶ್ರಾವಣದ ಸೋಮವಾರ ಗುಡಿಯಲ್ಲಿ ನಡೆಯುವುದು ವಿಶೇಷ ಪೂಜೆ, ಜಾತ್ರೆಗೆ ಬಿಡುವುದು ವಿಶೇಷ ಬಸ್ಸು, ದೀಪಾವಳಿಗೆ ಪತ್ರಿಕೆಗಳು ತರುವುದು ವಿಶೇಷಾಂಕ. ಬನಹಟ್ಟಿಯ ನೇಕಾರರ ಓಣಿಯಲ್ಲಿ ಹೊಸ ಸೊಸೆಯನ್ನು ಕುರಿತು ‘ಏನರೆ ವಿಶೇಷ ಐತೇನು’ ಎಂದು ಯಾರಾದರೂ ಕೇಳಿದರೆ ಅದು ಬಸಿರಿನ ವಿಚಾರಣೆಯೇ ಹೊರತು ಬೇರೆಯಲ್ಲ. ಹೀಗೆ ಒಳ್ಳೆಯ ಸುದ್ದಿಯನ್ನೇ ಹೊತ್ತು ತಿರುಗುವ ಈ ಪದ, ಆ ಬಸಿರಿನಿಂದ ಹುಟ್ಟಿದ ಮಗು ಮಾತಿನಲ್ಲಿ, ಕಲಿಕೆಯಲ್ಲಿ ಅಥವಾ ನಡವಳಿಕೆಯಲ್ಲಿ ಓರಗೆಯವರಂತೆ ಸಾಗದಿದ್ದಾಗ, ‘ವಿಶೇಷ ಮಗು’ ಎಂಬ ರೂಪದಲ್ಲಿ ಅದೇ ಮನೆಗೆ ಮತ್ತೊಮ್ಮೆ ಬರುತ್ತದೆ. ಆದರೆ ಆಗ ಅದನ್ನು ಆಡುವವರ ದನಿ ತಗ್ಗಿರುತ್ತದೆ.

ಈ ಎರಡನೆಯ ಅರ್ಥದ ಬೇರು ಕನ್ನಡದ ನೆಲದಲ್ಲಿಲ್ಲ. ಮಕ್ಕಳನ್ನು ಅವರ ಕೊರತೆಯ ಹೆಸರಿನಿಂದಲೇ ವಿಂಗಡಿಸಿ, ಕಲಿಕೆಯಲ್ಲಿ ಹಿಂದುಳಿದವರನ್ನು ‘ಶೈಕ್ಷಣಿಕವಾಗಿ ಸಾಮಾನ್ಯಕ್ಕಿಂತ ಕೆಳಗಿನವರು’ ಎಂದು ಕಡತದಲ್ಲಿ ನಮೂದಿಸುತ್ತಿದ್ದ ಬ್ರಿಟನ್ನಿನಲ್ಲಿ, ತತ್ತ್ವಶಾಸ್ತ್ರದ ಅಧ್ಯಾಪಕಿ ಮೇರಿ ವಾರ್ನಾಕ್ ಅವರ ಸಮಿತಿ 1978ರಲ್ಲಿ ಆ ವಿಂಗಡಣೆಯನ್ನೇ ಕೈಬಿಡಬೇಕೆಂದು ಸಲಹೆ ಮಾಡಿ, ‘ವಿಶೇಷ ಶೈಕ್ಷಣಿಕ ಅಗತ್ಯ’ ಎಂಬ ಮಾತಿಗೆ ಚಲಾವಣೆ ಕೊಟ್ಟಿತು. ಅಲ್ಲಿನ 1981ರ ಶಿಕ್ಷಣ ಕಾಯ್ದೆ ಅದನ್ನು ಕಾನೂನಿನ ಭಾಷೆಯಾಗಿಸಿತು. ಐವರು ಮಕ್ಕಳಲ್ಲಿ ಒಬ್ಬರಿಗೆ ಶಾಲಾದಿನಗಳ ಯಾವುದಾದರೊಂದು ಘಟ್ಟದಲ್ಲಿ ಇಂಥ ಅಗತ್ಯ ಬೀಳಬಹುದೆಂಬುದು ಆ ಸಮಿತಿಯ ಅಂದಾಜಾಗಿತ್ತು. ಅಂದರೆ, ಅದು ಗುರುತಿಸಿದ್ದು ಬೇರೆ ಜಾತಿಯ ಮಗುವನ್ನಲ್ಲ, ಯಾವ ಮಗುವಿಗೂ ಬರಬಹುದಾದ ಒಂದು ಬೇಡಿಕೆಯನ್ನು. ಸರ್ವ ಶಿಕ್ಷಣ ಅಭಿಯಾನದ ಕಾಲದಲ್ಲಿ ಕರ್ನಾಟಕದ ಶಾಲೆಗಳಿಗೆ ಬಂದ ‘ವಿಶೇಷ ಅಗತ್ಯವುಳ್ಳ ಮಕ್ಕಳು’ ಎಂಬ ಪದಪುಂಜ ಈ ಚಿಂತನೆಯದೇ ಸಂತಾನ.

ವ್ಯಾಕರಣದ ಪರಿಭಾಷೆಯಲ್ಲಿ ಹೇಳುವುದಾದರೆ, ಗುಣವನ್ನು ತಿಳಿಸುವ ಪದ ವಿಶೇಷಣ, ಅದು ಯಾವುದನ್ನು ವರ್ಣಿಸುತ್ತದೆಯೋ ಅದು ವಿಶೇಷ್ಯ. ಈ ಪದಪುಂಜದಲ್ಲಿ ‘ವಿಶೇಷ’ಕ್ಕೆ ವಿಶೇಷ್ಯವಾಗಿದ್ದುದು ‘ಅಗತ್ಯ’. ಆಡುಮಾತು ಉದ್ದವನ್ನು ಸಹಿಸುವುದಿಲ್ಲವಾದ್ದರಿಂದ ನಡುವಿನ ‘ಅಗತ್ಯ’ ಉದುರಿ, ವಿಶೇಷಣ ನೇರವಾಗಿ ಮಗುವಿಗೆ ಅಂಟಿಕೊಂಡಿತು. ಉಳಿತಾಯವಾದದ್ದು ಒಂದು ಪದ, ಕಳೆದುಹೋದದ್ದು ಒಂದು ಹೊಣೆ. ಏಕೆಂದರೆ ಅಗತ್ಯವೆಂದರೆ ಅದನ್ನು ಪೂರೈಸಬೇಕಾದವರು ಇದ್ದಾರೆಂದಾಗುತ್ತದೆ, ಬರಿಯ ‘ವಿಶೇಷ’ಕ್ಕೆ ಯಾರೂ ಏನನ್ನೂ ಮಾಡಬೇಕಾಗಿಲ್ಲ. 2015ರ ಕೊನೆಯಲ್ಲಿ ಪ್ರಧಾನಿಯವರ ಬಾನುಲಿ ಭಾಷಣದ ಮೂಲಕ ಪ್ರಚಾರಕ್ಕೆ ಬಂದ ‘ದಿವ್ಯಾಂಗ’ ಪದದ ಕಷ್ಟವೂ ಇದೇ: ದಿವ್ಯವಾದದ್ದಕ್ಕೆ ಕೈಮುಗಿಯುವುದು ಸುಲಭ, ಗಾಲಿಕುರ್ಚಿಗೆ ಇಳಿಜಾರು ಕಟ್ಟಿಸುವುದು ಕಷ್ಟ.

ಕಣಾದನ ವೈಶೇಷಿಕ ದರ್ಶನಕ್ಕೆ ಹೆಸರು ಬಂದದ್ದೇ ‘ವಿಶೇಷ’ ಎಂಬ ಪದದಿಂದ. ಅದು ಹೇಳುವ ಆರು ಪದಾರ್ಥಗಳಲ್ಲಿ, ಅಂದರೆ ಇರುವುದೆಲ್ಲವನ್ನೂ ವಿಂಗಡಿಸುವ ವರ್ಗಗಳಲ್ಲಿ, ಹಲವು ವಸ್ತುಗಳಿಗೆ ಸಮಾನವಾದುದು ಸಾಮಾನ್ಯ. ಒಂದು ಪರಮಾಣುವನ್ನು ಅದರಂಥದೇ ಇನ್ನೊಂದರಿಂದ, ಒಂದು ಆತ್ಮವನ್ನು ಇನ್ನೊಂದು ಆತ್ಮದಿಂದ ಬೇರೆಯೆಂದು ತೋರಿಸುವ ಕಟ್ಟಕಡೆಯ ಲಕ್ಷಣ ವಿಶೇಷ. ಈ ಲೆಕ್ಕದಲ್ಲಿ ವಿಶೇಷವಿಲ್ಲದ ಆತ್ಮವೇ ಇಲ್ಲ. ಒಂದೊಂದು ಮಗುವಿಗೂ ಅದರದೇ ಗುರಿ, ಕ್ರಮ ಮತ್ತು ಅಳತೆಗೋಲನ್ನು ಗೊತ್ತುಮಾಡುವ ‘ವೈಯಕ್ತಿಕ ಶಿಕ್ಷಣ ಯೋಜನೆ’ ಎಂಬ ಇಂದಿನ ವಿಧಾನ, ‘ವಿಶೇಷ ಮಗು’ ಎಂಬ ಸಗಟು ಹೆಸರಿಗಿಂತ ಈ ಹಳೆಯ ಅರ್ಥಕ್ಕೇ ಹತ್ತಿರವಾಗಿದೆ.

ತಾಯ್ತಂದೆಯರ ದಿನಚರಿಯಲ್ಲಿ ಈ ಅರ್ಥಭೇದ ಬರಿಯ ಪಾಂಡಿತ್ಯವಾಗಿ ಉಳಿಯುವುದಿಲ್ಲ. ಮೂರು ವರ್ಷವಾದರೂ ಮಾತು ಬಾರದ ಮಗುವನ್ನು ಕುರಿತು ‘ಅವರಪ್ಪಗೂ ತಡಾನ ಮಾತು ಬಂದಿದ್ದುವು’ ಎಂದು ಹಿರಿಯರು ಸಮಾಧಾನ ಹೇಳುವುದು ಪ್ರೀತಿಯಿಂದಲೇ ಆದರೂ, ಶ್ರವಣಪರೀಕ್ಷೆಗೂ ಮಾತಿನ ತರಬೇತಿಗೂ ಹೆಚ್ಚು ಫಲ ಸಿಗುವ ವರ್ಷಗಳನ್ನು ಆ ಸಮಾಧಾನವೇ ನುಂಗುತ್ತದೆ. ವಿದ್ಯುತ್‌ಮಗ್ಗಗಳ ಸದ್ದು ಮನೆಯ ಗೋಡೆಯಾಚೆಯೋ ಮನೆಯೊಳಗೋ ಇರುವ ಊರಿನಲ್ಲಿ, ಸದ್ದನ್ನು ಅತಿಯಾಗಿ ಗ್ರಹಿಸುವ, ಆಟಿಸಂ ಇರುವ ಮಗು ಕಿವಿ ಮುಚ್ಚಿ ಕಿರುಚಿದರೆ ಅದನ್ನು ಹಟವೆಂದು ಬೈಯಬಹುದು, ಇಲ್ಲವೇ ಮಗ್ಗದಿಂದ ದೂರವಾದ ಒಂದು ಮೂಲೆ ಅದಕ್ಕೆ ಬೇಕೆಂದು ತಿಳಿಯಬಹುದು. ಸ್ನಾನ, ಊಟ, ಬಟ್ಟೆ ತೊಡುವುದು ಮೊದಲಾದ ಕೆಲಸಗಳನ್ನು ಚಿಕ್ಕ ಚಿಕ್ಕ ಹಂತಗಳಾಗಿ ಒಡೆದು ಒಂದೊಂದನ್ನೇ ಕಲಿಸುವ ‘ಕಾರ್ಯ ವಿಶ್ಲೇಷಣೆ’ಗೆ ದುಬಾರಿ ಸಲಕರಣೆ ಬೇಕಿಲ್ಲ, ತಾಳ್ಮೆ ಮಾತ್ರ ಬೇಕು; ಆದರೆ ನೇಯ್ದಷ್ಟೇ ಕೂಲಿ ದೊರೆಯುವ ಮನೆಗಳಲ್ಲಿ ತಾಳ್ಮೆಗೂ ಬೆಲೆಯುಂಟು ಎಂಬುದನ್ನು ತಜ್ಞರ ಕೈಪಿಡಿಗಳು ಮರೆಯುತ್ತವೆ.

ಕಾನೂನು ಮಾತ್ರ ‘ಅಗತ್ಯ’ವನ್ನು ಮರೆತಿಲ್ಲ. ಭಾರತದ 1995ರ ಕಾಯ್ದೆ ಏಳು ಬಗೆಯ ಅಂಗವೈಕಲ್ಯಗಳನ್ನಷ್ಟೇ ಹೆಸರಿಸಿತ್ತು. ಅದರ ಸ್ಥಾನಕ್ಕೆ ಬಂದ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಇಪ್ಪತ್ತೊಂದನ್ನು ಹೆಸರಿಸಿ, ಆಟಿಸಂ ಮತ್ತು ಓದುಬರಹದ ತೊಡಕುಗಳಾದ ನಿರ್ದಿಷ್ಟ ಕಲಿಕಾ ನ್ಯೂನತೆಗಳನ್ನೂ ಒಳಗೊಂಡಿತು. ಶೇ. 40 ಅಥವಾ ಅದಕ್ಕೂ ಹೆಚ್ಚು ವೈಕಲ್ಯವೆಂದು ಪ್ರಮಾಣಪತ್ರ ಪಡೆದ ಮಗುವಿಗೆ 6ರಿಂದ 18ನೆಯ ವಯಸ್ಸಿನವರೆಗೆ ನೆರೆಹೊರೆಯ ಶಾಲೆಯಲ್ಲಾಗಲಿ, ಬಯಸಿದರೆ ವಿಶೇಷ ಶಾಲೆಯಲ್ಲಾಗಲಿ ಉಚಿತ ಶಿಕ್ಷಣದ ಹಕ್ಕಿದೆ. ಪರೀಕ್ಷೆಯಲ್ಲಿ ಹೆಚ್ಚಿನ ಸಮಯ, ಉತ್ತರ ಬರೆದುಕೊಡುವ ಲಿಪಿಕಾರರ ನೆರವು, ಎರಡನೆಯ ಮತ್ತು ಮೂರನೆಯ ಭಾಷೆಗಳಿಂದ ವಿನಾಯಿತಿ ಮೊದಲಾದ ಮಾರ್ಪಾಡುಗಳನ್ನು ಸರ್ಕಾರ ಮಾಡಬೇಕೆಂದು ಅದರ 17ನೆಯ ಕಲಮು ಹೇಳುತ್ತದೆ. ಸರ್ಕಾರದ ಅನುದಾನ ಅಥವಾ ಮಾನ್ಯತೆ ಪಡೆದ ಶಾಲೆಗಳು ಆಯಾ ವ್ಯಕ್ತಿಯ ಅಗತ್ಯಕ್ಕೆ ತಕ್ಕ ಹೊಂದಾಣಿಕೆ ಮಾಡಿಕೊಡಬೇಕೆಂಬುದು 16ನೆಯ ಕಲಮಿನಲ್ಲಿದೆ.

ಆದ್ದರಿಂದ ಮುಖ್ಯಶಿಕ್ಷಕರಿಗೆ ಕೊಡುವ ಅರ್ಜಿಯಲ್ಲಿ ತಾಯ್ತಂದೆಯರು ‘ನಮ್ಮದು ವಿಶೇಷ ಮಗು’ ಎಂದು ಬರೆದು ನಿಲ್ಲಿಸಬಾರದು. ಮೊದಲ ಸಾಲಿನಲ್ಲಿ ಕೂರಿಸಬೇಕು, ಪ್ರಶ್ನೆಯನ್ನು ಓದಿ ಹೇಳಬೇಕು, ಅರ್ಧ ಗಂಟೆ ಹೆಚ್ಚು ಕೊಡಬೇಕು ಎಂದು ಬೇಕಾದುದನ್ನು ಬಿಡಿಸಿ ಬರೆದು, ದಿನಾಂಕ ಹಾಕಿ, ಅದರ ಒಂದು ಪ್ರತಿಯನ್ನು ತಮ್ಮಲ್ಲಿಟ್ಟುಕೊಳ್ಳಬೇಕು. ಮೊದಲಿನದಕ್ಕೆ ಮರುಕ ತೋರಿಸಿದರೆ ಸಾಕಾಗುತ್ತದೆ, ಎರಡನೆಯದಕ್ಕೆ ಶಾಲೆ ಉತ್ತರ ಕೊಡಬೇಕಾಗುತ್ತದೆ.