ಸೇಲಂ–ಧರ್ಮಪುರಿ ಸೀಮೆಯ ಕನ್ನಡ: ಊರ ಹೆಸರು, ಮಗ್ಗ, ನೀರು, ಬೆಂಗಳೂರಿನ ದಾರಿ

ಧರ್ಮಪುರಿ ಜಿಲ್ಲೆಯ ಊರುಗಳ ಫಲಕಗಳನ್ನು ಗಮನಿಸಿ ನೋಡಿದವರಿಗೆ ಒಂದು ವಿಷಯ ಕಣ್ಣಿಗೆ ಬೀಳುತ್ತದೆ. ಮಾರಂಡಅಳ್ಳಿ, ಜೆಟ್ಟಿಅಳ್ಳಿ ಎಂದು ಹಲವು ಊರುಗಳ ಹೆಸರು ‘ಅಳ್ಳಿ’ಯಲ್ಲಿ ಮುಗಿಯುತ್ತದೆ. ಇದು ನಮ್ಮ ‘ಹಳ್ಳಿ’ಯೇ. ತಮಿಳಿನ ಸ್ವಂತ ಅಕ್ಷರಮಾಲೆಯಲ್ಲಿ ಹಕಾರವಿಲ್ಲ, ಹಾಗಾಗಿ ಬರೆಯುವಾಗ ‘ಹ’ ಬಿದ್ದುಹೋಗಿ ‘ಅ’ ಉಳಿಯಿತು. ಹೊಗೆಯಾಡುವ ಕಲ್ಲು ಎಂಬ ಅರ್ಥದ ಹೊಗೇನಕಲ್ಲು ತಮಿಳಿನಲ್ಲಿ ಒಗೇನಕ್ಕಲ್ ಆದದ್ದೂ, ಹರೂರು ಅರೂರ್ ಆದದ್ದೂ ಹೀಗೆಯೇ. ಹಳಗನ್ನಡದ ‘ಪಳ್ಳಿ’ ‘ಹಳ್ಳಿ’ಯಾಗತೊಡಗಿದ್ದು ಸುಮಾರು 10ನೇ ಶತಮಾನದ ನಂತರ. ಆದ್ದರಿಂದ ಈ ಊರುಗಳ ಹೆಸರು ಈಗಿನ ರೂಪ ತಾಳಿದ್ದು ಅದಾದ ಮೇಲೆ, ಕನ್ನಡ ಆಡುವವರ ಬಾಯಲ್ಲಿ ಎನ್ನಬಹುದು. ಕಾಗದಪತ್ರ ಏನೂ ಇಲ್ಲದ ಮನೆತನಗಳಿಗೂ ಇದೊಂದು ದಾಖಲೆ.

ಲಿಖಿತ ದಾಖಲೆ ಇನ್ನೂ ಹಿಂದಕ್ಕೆ ಹೋಗುತ್ತದೆ. ಧರ್ಮಪುರಿಯ ಹಳೆಯ ಹೆಸರು ತಗಡೂರು. ಸಂಘಕಾಲದ ತಮಿಳು ಕಾವ್ಯದಲ್ಲಿ ಹೊಗಳಿಸಿಕೊಂಡ ಅದಿಯಮಾನನ ಊರು ಇದು. ಅದೇ ಊರಿನಲ್ಲಿ 9ನೇ ಶತಮಾನದ ಕೊನೆಯ ಭಾಗದ ನೊಳಂಬ ಮಹೇಂದ್ರನ ಕಾಲದ ಕನ್ನಡ ಶಾಸನಗಳೂ ಸಿಕ್ಕಿವೆ. ‘ಇದು ಯಾರ ಊರು’ ಎಂದು ಜಗಳಕ್ಕೆ ನಿಲ್ಲುವವರು ಇವೆರಡನ್ನೂ ಒಟ್ಟಿಗೆ ಓದಬೇಕು.

ಈಗಿನ ಆಡಳಿತದ ಗೆರೆಗಳು ಹೊಸವು. 17ನೇ ಶತಮಾನದ ಕೊನೆಗೆ ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಮೈಸೂರಿನ ಕೈ ಸೇಲಂವರೆಗೆ ಚಾಚಿತ್ತು. 1792ರ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಟಿಪ್ಪು ಸುಲ್ತಾನ್ ಬಾರಾಮಹಲ್ ಮತ್ತು ಸೇಲಂ ಸೀಮೆಯನ್ನು ಕಂಪನಿ ಸರ್ಕಾರಕ್ಕೆ ಬಿಟ್ಟುಕೊಡಬೇಕಾಯಿತು. ಅಲ್ಲಿಂದ ಕಂದಾಯದ ದಾರಿ ಶ್ರೀರಂಗಪಟ್ಟಣದ ಬದಲು ಮದರಾಸಿಗೆ ತಿರುಗಿತು. ಅಲೆಕ್ಸಾಂಡರ್ ರೀಡ್ ಮತ್ತು ಅವನ ಕೈಕೆಳಗಿದ್ದ ಥಾಮಸ್ ಮನ್ರೋ ಇಲ್ಲಿ ಹೊಲ ಹೊಲ ಅಳೆದು ಕಂದಾಯ ಕಟ್ಟಿದರು. ಮುಂದೆ ಮದರಾಸು ಪ್ರಾಂತ್ಯಕ್ಕೆಲ್ಲ ಹರಡಿದ ರೈತವಾರಿ ಪದ್ಧತಿಗೆ ಈ ಸೀಮೆಯೇ ಪಾಠಶಾಲೆ. ಧರ್ಮಪುರಿ ಜಿಲ್ಲೆ ಸೇಲಂನಿಂದ ಬೇರೆಯಾದದ್ದು 1965ರಲ್ಲಿ, ಕೃಷ್ಣಗಿರಿ ಧರ್ಮಪುರಿಯಿಂದ ಬೇರೆಯಾದದ್ದು 2004ರಲ್ಲಿ. ಹಳೆಯ ಪುಸ್ತಕಗಳಲ್ಲಿ ‘ಸೇಲಂ ಜಿಲ್ಲೆಯ ಕನ್ನಡಿಗರು’ ಎಂದು ಕಂಡರೆ ಅದರಲ್ಲಿ ಹೊಸೂರಿನವರೂ ಸೇರಿರುತ್ತಾರೆ ಎಂಬುದನ್ನು ಸದಸ್ಯರು ನೆನಪಿಡಬೇಕು.

ಈ ಸೀಮೆಯ ಕನ್ನಡ ಮನೆಮಾತಿನವರಲ್ಲಿ ನೇಕಾರ ದೇವಾಂಗರು, ಲಿಂಗಾಯತರು, ಒಕ್ಕಲಿಗರು, ಕುರುಬರು ಎಲ್ಲರೂ ಇದ್ದಾರೆ. ದೇವಾಂಗರಲ್ಲೇ ಕನ್ನಡದವರು, ತೆಲುಗಿನವರು ಎಂದು ಎರಡು ಕವಲು. ಕುಲದೇವತೆ ಚೌಡೇಶ್ವರಿ ಎರಡಕ್ಕೂ ಒಬ್ಬಳೇ. ತಮಿಳಿನಲ್ಲಿ ಅವಳು ಸೌಡೇಶ್ವರಿ ಅಮ್ಮನ್. ಹಬ್ಬದಲ್ಲಿ ಕತ್ತಿ ಹಿಡಿದು ಸಲ್ಲಿಸುವ ಅಲಗು ಸೇವೆ ಇಂದಿಗೂ ನಡೆಯುತ್ತದೆ. ಕನ್ನಡ ಅಕ್ಷರ ಒಂದೂ ಬಾರದ ಯುವಕರು ಕೂಡ ದೇವಿಯ ಮುಂದೆ ಹಿರಿಯರ ಮಾತಿನಲ್ಲೇ ಕೂಗುತ್ತಾರೆ. ಭಾಷೆ ಮನೆಯಿಂದ ಜಾರಿದರೂ ಪೂಜೆಯಲ್ಲಿ ಇನ್ನೊಂದು ತಲೆಮಾರು ನಿಲ್ಲುತ್ತದೆ.

ಈ ಭಾಷೆಯನ್ನು ಇಷ್ಟು ದಿನ ಕಾಪಾಡಿದ್ದು ಶಾಲೆಯಲ್ಲ, ಮಗ್ಗ ಎಂಬುದು ನನ್ನ ಅಭಿಪ್ರಾಯ. ಕೈಮಗ್ಗದ ಮನೆಯಲ್ಲಿ ಅಪ್ಪ ನೇಯುತ್ತಿದ್ದರೆ ಅಮ್ಮ ನೂಲು ಸುತ್ತುತ್ತಿದ್ದಳು, ಮಕ್ಕಳು ಪಕ್ಕದಲ್ಲೇ ಕೆಲಸ ಕಲಿಯುತ್ತಿದ್ದರು. ಕೆಲಸದ ಮಾತು, ಮನೆಯ ಮಾತು ಒಂದೇ. ಕೈಮಗ್ಗಕ್ಕೆಂದೇ ಕೆಲವು ಬಟ್ಟೆಗಳನ್ನು ಮೀಸಲಿಟ್ಟ 1985ರ ಕಾನೂನಿನಲ್ಲಿ ಮೊದಲು 22 ಬಗೆಗಳಿದ್ದವು, ನಂತರ ಅವು 11ಕ್ಕೆ ಇಳಿದವು. ವಿದ್ಯುತ್ ಮಗ್ಗ ಬಂದು, ಸೂರತ್ತಿನ ಪಾಲಿಯೆಸ್ಟರ್ ಸೀರೆ ಸಂತೆಗೆ ಇಳಿದು, ಚೀನಾದ ಕಚ್ಚಾ ರೇಷ್ಮೆಯ ದರ ನಮ್ಮ ಗೂಡಿನ ದರವನ್ನು ಏರಿಳಿಸತೊಡಗಿತು. ಅಗ್ಗದ ಚೀನಾ ರೇಷ್ಮೆಯ ಮೇಲೆ ಭಾರತ 2003ರಲ್ಲಿ ಸುಂಕ ಹಾಕಬೇಕಾಯಿತು. ಧರ್ಮಪುರಿಯ ರೇಷ್ಮೆಗೂಡಿನ ಮಾರುಕಟ್ಟೆಗೆ ಗೂಡು ತರುವ ರೈತನಿಗೂ ಅದರ ಬಿಸಿ ತಟ್ಟಿತು. ವಿದ್ಯುತ್ ಮಗ್ಗದ ಕೊಟ್ಟಿಗೆಯಲ್ಲಿ ಹಲವು ಕಡೆಯ ಕೆಲಸಗಾರರು ಸೇರುತ್ತಾರೆ. ಅಲ್ಲಿನ ಮಾತು ತಮಿಳು. ಅದರ ಗದ್ದಲದಲ್ಲಿ ಮಾತೇ ಕಡಿಮೆ ಎನ್ನುವುದೂ ನಿಜ.

ಜಾಗತೀಕರಣ ಎಂದರೆ 1991ರ ನಂತರ ಬಂದದ್ದು ಎಂದು ತಿಳಿದವರಿಗೆ ಸೇಲಂನ ಸಬ್ಬಕ್ಕಿಯ ಕಥೆ ಹೇಳಬೇಕು. ಮರಗೆಣಸು ದಕ್ಷಿಣ ಅಮೆರಿಕದ ಬೆಳೆ. ಪೋರ್ಚುಗೀಸರ ಮೂಲಕ ಕೇರಳಕ್ಕೆ ಬಂತು. ಎರಡನೇ ಮಹಾಯುದ್ಧಕ್ಕೆ ಮೊದಲು ನಮಗೆ ಸಬ್ಬಕ್ಕಿ ಬರುತ್ತಿದ್ದದ್ದು ಮಲಯ, ಜಾವಾ ಕಡೆಯಿಂದ. ಯುದ್ಧದಲ್ಲಿ ಹಡಗು ನಿಂತಾಗ, 1940ರ ದಶಕದಲ್ಲಿ, ಸೇಲಂನ ವ್ಯಾಪಾರಿಗಳು ಮರಗೆಣಸಿನ ಹಿಟ್ಟಿನಿಂದ ಸಬ್ಬಕ್ಕಿ ಮಾಡಲು ಶುರುಮಾಡಿದರು. 1981ರಲ್ಲಿ ತಯಾರಕರ ಸಹಕಾರ ಸಂಘ ‘ಸಾಗೋಸರ್ವ್’ ಹುಟ್ಟಿತು. ಇಂದು ಮಹಾರಾಷ್ಟ್ರದವರು ಉಪವಾಸದ ದಿನ ತಿನ್ನುವ ಖಿಚಡಿಗೂ ನಮ್ಮ ಮನೆಯ ಪಾಯಸ, ಸಂಡಿಗೆಗೂ ಈ ಸೀಮೆಯೇ ಮೂಲ. ಇನ್ನು ಧರ್ಮಪುರಿಯಲ್ಲಿ ‘ಕಳಿ’, ನಮ್ಮಲ್ಲಿ ‘ಮುದ್ದೆ’ ಎನ್ನುವ ರಾಗಿಯೂ ಸಾವಿರಾರು ವರ್ಷಗಳ ಹಿಂದೆ ಆಫ್ರಿಕಾದಿಂದ ಬಂದ ಧಾನ್ಯ.

ನೀರಿನ ವಿಷಯ ಇಷ್ಟು ಹಗುರವಲ್ಲ. 1934ರಲ್ಲಿ ಮುಗಿದ ಮೆಟ್ಟೂರು ಅಣೆಕಟ್ಟು ಕಾವೇರಿ ದಂಡೆಯ ಊರುಗಳನ್ನು ಮುಳುಗಿಸಿತು. ನೀರು ಇಳಿದ ವರ್ಷ ಪಣ್ಣವಾಡಿಯ ಬಳಿ ಹಳೆಯ ಗುಡಿಯ ನಂದಿ ತಲೆ ಎತ್ತುತ್ತದೆ. ಲಾಭ ತಂಜಾವೂರಿನ ಗದ್ದೆಗೆ ಹೋಯಿತು, ಸ್ಥಳ ಬಿಟ್ಟವರು ಇಲ್ಲಿಯವರು. ಧರ್ಮಪುರಿ, ಕೃಷ್ಣಗಿರಿಯ ಕಲ್ಲುನೆಲದ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಹೆಚ್ಚು. ಹಲ್ಲು ಕಂದಾಗುವುದು, ಮೂಳೆ ಬಾಗುವುದು ಊರೂರಿನ ಕಷ್ಟ. ಇದಕ್ಕೆಂದು ಜಪಾನಿನ ಸಾಲ ಪಡೆದು, ಸುಮಾರು 1,900 ಕೋಟಿ ರೂಪಾಯಿ ವೆಚ್ಚದಲ್ಲಿ ಹೊಗೇನಕಲ್ಲು ಕುಡಿಯುವ ನೀರಿನ ಯೋಜನೆ ರೂಪುಗೊಂಡಿತು. 2008ರಲ್ಲಿ ಅದಕ್ಕೆ ಕರ್ನಾಟಕದಲ್ಲಿ ಭಾರಿ ವಿರೋಧ ಎದ್ದಿತು, ತಮಿಳುನಾಡಿನಲ್ಲಿ ಪ್ರತಿವಿರೋಧ. 2013ರಲ್ಲಿ ಯೋಜನೆ ಉದ್ಘಾಟನೆಯಾಯಿತು. ಗಡಿ ಗುರುತಿನ ಬಗ್ಗೆ ಕರ್ನಾಟಕದ ವಾದವೇನೇ ಇರಲಿ, ಆ ಫ್ಲೋರೈಡ್ ನೀರು ಕುಡಿಯುತ್ತಿದ್ದವರಲ್ಲಿ ಕನ್ನಡ ಮನೆಮಾತಿನವರೂ ಇದ್ದರು. ಆ ಗದ್ದಲದಲ್ಲಿ ಅವರನ್ನು ಎರಡೂ ಕಡೆಯವರು ಕೇಳಲಿಲ್ಲ. ಕಾವೇರಿ ವಿಷಯದಲ್ಲಿ 1991ರ ಡಿಸೆಂಬರ್‌ನಲ್ಲೂ 2016ರ ಸೆಪ್ಟೆಂಬರ್‌ನಲ್ಲೂ ಬೆಂಗಳೂರು ಹೊತ್ತಿ ಉರಿದಾಗ ಅತ್ತಿಬೆಲೆಯ ಗಡಿಯಲ್ಲಿ ಸಿಕ್ಕಿಕೊಂಡವರೂ ಇಂಥ ಎರಡು ಭಾಷೆಯ ಜನರೇ.

ಧರ್ಮಪುರಿಯ ಮಳೆಯಾಶ್ರಿತ ಹೊಲದಲ್ಲಿ ವರ್ಷವಿಡೀ ಕೆಲಸವಿಲ್ಲ. ಬೆಂಗಳೂರು ರಾತ್ರಿ ಬಸ್ಸಿನ ದೂರ. ಅಲ್ಲಿನ ಕಟ್ಟಡಗಳ ಗಾರೆ, ಸೆಂಟ್ರಿಂಗ್ ಕೆಲಸದಲ್ಲಿ ಈ ಜಿಲ್ಲೆಯವರು ಬಹಳ. ಇದರಿಂದ ಒಂದು ವಿಚಿತ್ರ ನಡೆದಿದೆ. ತಮಿಳು ಮನೆಯ ಹುಡುಗ ಬೆಂಗಳೂರಿನಲ್ಲಿ ನಾಲ್ಕು ವರ್ಷ ದುಡಿದು ಕನ್ನಡ ಮಾತಾಡಿ, ಬಸ್ಸಿನ ಬೋರ್ಡನ್ನೂ ಓದುತ್ತಾನೆ. ಅದೇ ಊರಿನ ಕನ್ನಡ ಮನೆಯ ಹುಡುಗಿಗೆ ಅಜ್ಜಿಯ ಕನ್ನಡ ಅರ್ಥವಾಗುತ್ತದೆ, ಆದರೆ ಮದುವೆಯ ಕರೆಯೋಲೆಯ ಕನ್ನಡ ಅಕ್ಷರ ಓದಲು ಬರುವುದಿಲ್ಲ. ಕನ್ನಡ ಸಿನಿಮಾ ಫೋನಿನಲ್ಲಿ ಸಿಗುತ್ತದೆ ನಿಜ, ಆದರೆ ಈಗ ದೊಡ್ಡ ಚಿತ್ರಗಳೆಲ್ಲ ತಮಿಳಿಗೆ ಡಬ್ ಆಗಿಯೇ ಬರುತ್ತವೆ.

2006ರ ತಮಿಳು ಕಲಿಕೆ ಕಾನೂನಿನ ಪ್ರಕಾರ ಒಂದನೇ ತರಗತಿಯಿಂದ ಹಂತಹಂತವಾಗಿ ತಮಿಳು ಕಡ್ಡಾಯವಾಯಿತು. ಆ ಮಕ್ಕಳು 2015–16ರಲ್ಲಿ ಹತ್ತನೇ ತರಗತಿಗೆ ಬಂದಾಗ ಭಾಷಾ ಅಲ್ಪಸಂಖ್ಯಾತರ ತಕರಾರು ಕೋರ್ಟಿಗೆ ಹೋಯಿತು. 2023ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ತಮಿಳು ಪರೀಕ್ಷೆಯ ವಿನಾಯಿತಿಯನ್ನು ಒಂದು ವರ್ಷ ಮುಂದುವರಿಸಿತು. ತಮಿಳು ಕಲಿಯುವುದಕ್ಕೆ ನಮ್ಮ ಸೀಮೆಯಲ್ಲಿ ಯಾರ ತಕರಾರೂ ಇಲ್ಲ, ಅದು ಅನ್ನದ ಭಾಷೆ. ಅದರ ಜೊತೆಗೆ ಕನ್ನಡಕ್ಕೂ ಒಂದು ಪೀರಿಯಡ್, ಒಬ್ಬ ಮೇಷ್ಟ್ರು ಬೇಕು ಎಂಬುದಷ್ಟೇ ಕೇಳಿಕೆ. ಸಂವಿಧಾನದ 350ಎ ವಿಧಿ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಬೋಧನೆಗೆ ಸೌಲಭ್ಯ ಒದಗಿಸಬೇಕೆಂದು ರಾಜ್ಯಗಳಿಗೆ ಹೇಳುತ್ತದೆ.

ಇಂಥ ಬೇಡಿಕೆಗೆ ಸಂಖ್ಯೆ ಆಧಾರ. 2011ರ ಜನಗಣತಿಯಲ್ಲಿ ತಮಿಳುನಾಡಿನ ಕನ್ನಡಿಗರು ಸುಮಾರು 12.8 ಲಕ್ಷ; ಇದರಲ್ಲಿ ನೀಲಗಿರಿಯ ಬಡಗರ ನುಡಿಯೂ ಸೇರಿದೆ, ಅದು ಬೇರೆ ಭಾಷೆ ಎಂದು ಬಡಗರಲ್ಲಿ ಅನೇಕರ ವಾದ. ಗಣತಿಯವರು ಬಂದಾಗ ಬಾಗಿಲಲ್ಲಿ ತಮಿಳಿನಲ್ಲೇ ಮಾತಾಡುತ್ತೇವೆ, ಅವರೂ ತಮಿಳು ಎಂದೇ ಬರೆದುಕೊಂಡು ಹೋಗುವುದುಂಟು. ‘ಮಾತೃಭಾಷೆ’ ಮತ್ತು ‘ತಿಳಿದಿರುವ ಇತರ ಭಾಷೆ’ ಎಂದು ಎರಡು ಬೇರೆ ಪ್ರಶ್ನೆಗಳಿರುತ್ತವೆ. ಮೊದಲನೆಯದಕ್ಕೆ ಕನ್ನಡ, ಎರಡನೆಯದಕ್ಕೆ ತಮಿಳು ಎಂದು ಹೇಳಿ, ಬರೆದುಕೊಂಡದ್ದನ್ನು ಒಮ್ಮೆ ಓದಿಸಿ ಕೇಳಿ. ಮನೆಯ ಪ್ರತಿಯೊಬ್ಬರಿಗೂ, ಮಕ್ಕಳಿಗೂ, ಬೇರೆಬೇರೆಯಾಗಿ ಹೇಳಬೇಕು.