ಬಾಲದ ಮೇಲಿನ ಸಂಖ್ಯೆ ಮತ್ತು ವಿಮಾನದ ನಿಜವಾದ ಜಾತಕ

ಬೆಂಗಳೂರಿನ ಯಲಹಂಕ ವಾಯುನೆಲೆಯಲ್ಲಿ 2019ರಲ್ಲಿ ನಡೆದ ಏರೋ ಇಂಡಿಯಾ ಪ್ರದರ್ಶನದಲ್ಲಿ ಭಾರತೀಯ ವಾಯುಪಡೆಯ ಡಕೋಟಾ ವಿಮಾನವೂ ಪಾಲ್ಗೊಂಡಿತ್ತು. ಅದರ ಹೆಸರು 'ಪರಶುರಾಮ'. ಬಾಲದ ಮೇಲಿನ ಸಂಖ್ಯೆ ವಿಪಿ 905. 1947ರ ಅಕ್ಟೋಬರ್ 27ರಂದು ಸಿಖ್ ರೆಜಿಮೆಂಟ್‌ನ ಒಂದನೇ ಬೆಟಾಲಿಯನ್ನಿನ ಸೈನಿಕರನ್ನು ಶ್ರೀನಗರಕ್ಕೆ ಮೊದಲಿಗೆ ಹೊತ್ತೊಯ್ದ ಡಕೋಟಾದ ಸಂಖ್ಯೆಯೂ ಇದೇ. ಈ ಕಾರಣದಿಂದ ಕಾಶ್ಮೀರವನ್ನು ಉಳಿಸಿದ ವಿಮಾನವೇ ಮತ್ತೆ ಹಾರುತ್ತಿದೆ ಎಂದು ನಂಬಿದವರು ಅನೇಕರು. ಆದರೆ ಅದು ಆ ವಿಮಾನವಲ್ಲ.

ಎರಡನೇ ಮಹಾಯುದ್ಧದ ಕೊನೆಯ ಘಟ್ಟದಲ್ಲಿ ಅಮೆರಿಕದಲ್ಲಿ ತಯಾರಾದ ಈ ವಿಮಾನ ಬ್ರಿಟನ್ನಿನ ರಾಯಲ್ ಏರ್‌ಫೋರ್ಸ್‌ನಲ್ಲಿ ಕೆಎನ್ 397 ಎಂಬ ಸಂಖ್ಯೆಯೊಂದಿಗೆ ಸೇವೆ ಸಲ್ಲಿಸಿತು. ಅನಂತರ ನಾಗರಿಕ ನೋಂದಣಿ ಪಡೆದು ಜಿ-ಎಎಂಎಸ್‌ವಿ ಆಯಿತು. ಸಮುದ್ರದಲ್ಲಿ ತೈಲ ಸೋರಿಕೆಯಾದಾಗ ಅದನ್ನು ಕರಗಿಸುವ ರಾಸಾಯನಿಕವನ್ನು ಸಿಂಪಡಿಸುವ ಕೆಲಸಕ್ಕೂ ಇದನ್ನು ಬಳಸಲಾಗಿತ್ತು. ವಾಯುಪಡೆಯ ಡಕೋಟಾ ಪೈಲಟ್ ಆಗಿದ್ದ ಏರ್ ಕಮಡೋರ್ ಎಂ.ಕೆ. ಚಂದ್ರಶೇಖರ್ ಅವರ ಪುತ್ರ, ಕರ್ನಾಟಕದಿಂದ ರಾಜ್ಯಸಭಾ ಸದಸ್ಯರಾಗಿದ್ದ ರಾಜೀವ್ ಚಂದ್ರಶೇಖರ್ ಅವರು ಇದನ್ನು ಕೊಂಡು, ಬ್ರಿಟನ್ನಿನ ಕೊವೆಂಟ್ರಿಯಲ್ಲಿ ದುರಸ್ತಿ ಮಾಡಿಸಿ ವಾಯುಪಡೆಗೆ ಉಡುಗೊರೆಯಾಗಿ ನೀಡಿದರು. 2018ರ ಏಪ್ರಿಲ್‌ನಲ್ಲಿ ಹಂತ ಹಂತವಾಗಿ ಹಾರಿ ಭಾರತಕ್ಕೆ ಬಂದ ವಿಮಾನವನ್ನು ಮೇ 4ರಂದು ಹಿಂಡನ್ ವಾಯುನೆಲೆಯಲ್ಲಿ ವಿಧಿವತ್ತಾಗಿ ಸೇರ್ಪಡೆ ಮಾಡಿಕೊಳ್ಳಲಾಯಿತು. ವಿಪಿ 905 ಎಂಬುದು ಗೌರವಾರ್ಥವಾಗಿ ಬರೆದ ಸಂಖ್ಯೆ. ಇದರಲ್ಲಿ ಮೋಸವೇನೂ ಇಲ್ಲ. ಜಗತ್ತಿನಾದ್ಯಂತ ಇರುವ ಪದ್ಧತಿಯೇ ಇದು. ಆದರೆ ಚಿತ್ರದ ಕೆಳಗೆ ಅಡಿಬರಹ ಬರೆಯುವವರು ಈ ವ್ಯತ್ಯಾಸವನ್ನು ಅರಿತಿರಬೇಕು. ತಪ್ಪು ಅಡಿಬರಹ ಒಮ್ಮೆ ಅಚ್ಚಾದರೆ ಹತ್ತು ಕಡೆ ನಕಲಾಗಿ, ಕೊನೆಗೆ ಅದೇ ಇತಿಹಾಸವಾಗಿಬಿಡುತ್ತದೆ.

ಕ್ಯಾಮೆರಾ ಹಿಡಿಯುವ ಮುನ್ನ

ವೈಮಾನಿಕ ಪ್ರದರ್ಶನಗಳಲ್ಲಿ ಜನರ ಕಣ್ಣೆಲ್ಲ ಸುಖೋಯ್, ರಫೇಲ್‌ಗಳ ಮೇಲೆ. ಪ್ರೊಪೆಲ್ಲರ್ ವಿಮಾನ ಬಂದಾಗ ಹಲವರು ನೀರು, ನೆರಳು ಹುಡುಕಿಕೊಂಡು ಹೊರಡುತ್ತಾರೆ. ಹಳೆಯ ವಿಮಾನಗಳ ಬೆನ್ನುಹತ್ತಿದವರಿಗೆ ಮುಂದಿನ ಸಾಲಿನಲ್ಲಿ ಜಾಗ ಸಿಗುವುದು ಅಂತಹ ಹೊತ್ತಿನಲ್ಲಿಯೇ.

ಜೆಟ್ ವಿಮಾನದ ಚಿತ್ರಕ್ಕೆ 1/1000 ಸೆಕೆಂಡ್ ಅಥವಾ ಅದಕ್ಕಿಂತ ವೇಗದ ಶಟರ್ ಸರಿ. ಅದೇ ವೇಗದಲ್ಲಿ ಡಕೋಟಾವನ್ನು ತೆಗೆದರೆ ಪ್ರೊಪೆಲ್ಲರ್ ಸ್ತಬ್ಧವಾಗಿ, ಎಂಜಿನ್ ಕೆಟ್ಟು ವಿಮಾನ ಆಕಾಶದಲ್ಲಿ ನಿಂತುಬಿಟ್ಟಂತೆ ಕಾಣುತ್ತದೆ. ಲೆಕ್ಕ ಸರಳವಾಗಿದೆ. ನಿಮಿಷಕ್ಕೆ 1200 ಸುತ್ತು ತಿರುಗುವ ಪ್ರೊಪೆಲ್ಲರ್ 1/125 ಸೆಕೆಂಡಿನಲ್ಲಿ ವೃತ್ತದ ಸುಮಾರು ಆರನೇ ಒಂದು ಭಾಗದಷ್ಟು ಸರಿಯುತ್ತದೆ. 1/2000 ಸೆಕೆಂಡಿನಲ್ಲಿ ನಾಲ್ಕು ಡಿಗ್ರಿಯಷ್ಟೂ ಸರಿಯದು. ಆದ್ದರಿಂದ 1/125ರಿಂದ 1/200ರ ನಡುವಿನ ವೇಗವನ್ನು ಆಯ್ದುಕೊಂಡು, ವಿಮಾನದ ಗತಿಗೆ ಸರಿಯಾಗಿ ಸೊಂಟದಿಂದ ಮೇಲಿನ ದೇಹವನ್ನು ತಿರುಗಿಸುತ್ತಾ ಕ್ಲಿಕ್ಕಿಸಬೇಕು. ಹತ್ತರಲ್ಲಿ ಎಂಟು ಚಿತ್ರಗಳು ಅಸ್ಪಷ್ಟವಾಗಿ ಬಂದರೂ ಅಭ್ಯಾಸಿಗಳು ಧೃತಿಗೆಡಬೇಕಾಗಿಲ್ಲ. ಯಲಹಂಕದಲ್ಲಿ ಫೆಬ್ರವರಿಯ ನಡುಹಗಲಿನ ಬಿಸಿಲಿಗೆ ರನ್‌ವೇ ಮೇಲಿನ ಗಾಳಿ ನಡುಗುತ್ತಿರುತ್ತದೆ. ಆಗ ದೂರದ ಚಿತ್ರಗಳು ಎಂತಹ ಲೆನ್ಸ್ ಇದ್ದರೂ ಕಲಸಿದಂತಾಗುತ್ತವೆ. ಬೆಳಗಿನ ಹೊತ್ತೇ ಮೇಲು.

ಹಾರಾಟದ ಚಿತ್ರ ಸುಂದರವಾಗಿರಬಹುದು. ಆದರೆ ಚರಿತ್ರೆ ಹುಡುಕುವವರಿಗೆ ಹೆಚ್ಚು ಉಪಯೋಗಕ್ಕೆ ಬರುವುದು ನೆಲದ ಮೇಲೆ ನಿಂತ ವಿಮಾನದ ಚಿತ್ರಗಳೇ. ಬಾಲದ ಸಂಖ್ಯೆ, ರೆಕ್ಕೆಯ ಅಡಿಯ ಅಕ್ಷರಗಳು, ಬಾಗಿಲ ಬಳಿಯ ಸಣ್ಣ ಬರಹಗಳು, ತೇಪೆ ಹಾಕಿದ ತಗಡು, ಹಳೆಯ ಬಣ್ಣ ಇಣುಕುವ ಅಂಚು, ಸಾಧ್ಯವಾದರೆ ಕಾಕ್‌ಪಿಟ್ಟಿನಲ್ಲಿರುವ ತಯಾರಕರ ಲೋಹದ ಫಲಕ, ಇವೆಲ್ಲವನ್ನೂ ದಿನಾಂಕ, ಸ್ಥಳ ಸಮೇತ ದಾಖಲಿಸಬೇಕು. ಪ್ರದರ್ಶನದ ದಿನಗಳನ್ನು ಬಿಟ್ಟರೆ ಯಲಹಂಕವು ಸೇನಾ ನೆಲೆ. ಅಲ್ಲಿ ಛಾಯಾಗ್ರಹಣಕ್ಕೆ ಅವಕಾಶವಿಲ್ಲ ಎಂಬುದನ್ನು ಮರೆಯಬಾರದು.

ಜಾಲಹಳ್ಳಿಯಿಂದ ಡಕ್ಸ್‌ಫರ್ಡ್‌ಗೆ

ಬಣ್ಣದ ಅಡಿಯಲ್ಲಿ ಬೇರೊಂದು ಕಥೆ ಅಡಗಿರುವುದಕ್ಕೆ ಮತ್ತೊಂದು ಉದಾಹರಣೆ ಬೆಂಗಳೂರಿಗೇ ಸಂಬಂಧಿಸಿದ್ದು. ಇಂಗ್ಲೆಂಡಿನ ಡಕ್ಸ್‌ಫರ್ಡ್ ಪ್ರದರ್ಶನಗಳಲ್ಲಿ ಜೆಇ-ಜೆ ಎಂಬ ಅಕ್ಷರಗಳನ್ನೂ ಎಂವಿ 268 ಎಂಬ ಸಂಖ್ಯೆಯನ್ನೂ ಹೊತ್ತ ಸ್ಪಿಟ್‌ಫೈರ್ ವಿಮಾನವನ್ನು ಅಸಂಖ್ಯ ಮಂದಿ ಚಿತ್ರೀಕರಿಸಿದ್ದಾರೆ. ಅವು ಹೆಸರಾಂತ ಯುದ್ಧ ಪೈಲಟ್ ಜಾನಿ ಜಾನ್ಸನ್ ಅವರ ವಿಮಾನದ ಗುರುತುಗಳು. ವಾಸ್ತವದಲ್ಲಿ ಆ ಸ್ಪಿಟ್‌ಫೈರ್‌ನ ಮೂಲ ಸಂಖ್ಯೆ ಎಂವಿ 293. ಯುದ್ಧ ಮುಗಿಯುವ ಹೊತ್ತಿಗೆ ಭಾರತಕ್ಕೆ ಬಂದ ಅದು ಮುಂದೆ ಜಾಲಹಳ್ಳಿಯ ವಾಯುಪಡೆ ತಾಂತ್ರಿಕ ಕಾಲೇಜು ಸೇರಿತು. ಹಾರಾಟ ನಿಂತ ಮೇಲೆ ತರಬೇತಿಯವರಿಗೆ ಬಿಚ್ಚಿ ಜೋಡಿಸಲು ಕಲಿಸುವ ಪಾಠದ ಸಲಕರಣೆಯಾಯಿತು. 1970ರ ದಶಕದ ಕೊನೆಯಲ್ಲಿ ವಿದೇಶಿ ಸಂಗ್ರಾಹಕರು ಭಾರತದ ವಾಯುನೆಲೆಗಳ ಮೂಲೆಗಳಲ್ಲಿ ಬಿದ್ದಿದ್ದ ಸ್ಪಿಟ್‌ಫೈರ್, ಟೆಂಪೆಸ್ಟ್‌ಗಳನ್ನು ಕೊಂಡೊಯ್ದಾಗ ಇದೂ ಇಂಗ್ಲೆಂಡಿಗೆ ಹೋಯಿತು. ದೀರ್ಘ ದುರಸ್ತಿಯ ನಂತರ 1992ರಲ್ಲಿ ಮತ್ತೆ ಹಾರಿತು. ಅದರ ನಾಗರಿಕ ನೋಂದಣಿ ಜಿ-ಎಸ್‌ಪಿಐಟಿ. ಬ್ರಿಟನ್ನಿನ ನಾಗರಿಕ ವಿಮಾನಯಾನ ಪ್ರಾಧಿಕಾರದ ನೋಂದಣಿ ಪುಸ್ತಕ ಸಾರ್ವಜನಿಕರಿಗೂ ಮುಕ್ತವಾಗಿದ್ದು, ನೋಂದಣಿ ಅಕ್ಷರಗಳನ್ನು ಹಿಡಿದು ಹುಡುಕಿದರೆ ತಯಾರಿಕೆಯ ಸಂಖ್ಯೆ ದೊರೆಯುತ್ತದೆ. ಬಣ್ಣ ಬದಲಾದರೂ, ಮಾಲೀಕರು ಬದಲಾದರೂ ಬದಲಾಗದೆ ಉಳಿಯುವುದು ಈ ತಯಾರಿಕಾ ಸಂಖ್ಯೆ ಮಾತ್ರ.

ಎಚ್‌ಎಎಲ್ ಜೀವ ಕೊಟ್ಟ ಬಾಂಬರುಗಳು

'ದುರಸ್ತಿ' ಎಂಬ ಪದಕ್ಕೆ ಬೆಂಗಳೂರು ಕೊಟ್ಟ ಅರ್ಥ ಇನ್ನೂ ದೊಡ್ಡದು. ಯುದ್ಧ ಮುಗಿದಾಗ ಬ್ರಿಟಿಷರು ನಾಲ್ಕು ಎಂಜಿನ್‌ಗಳ ಲಿಬರೇಟರ್ ಬಾಂಬರುಗಳನ್ನು ಕಾನ್ಪುರದಲ್ಲಿ ಒಟ್ಟುಗೂಡಿಸಿದರು. ಅಮೆರಿಕದಿಂದ ಎರವಲು ಪಡೆದ ಆ ವಿಮಾನಗಳನ್ನು ಹಿಂದಿರುಗಿಸಬೇಕು, ಇಲ್ಲವೇ ಬಳಕೆಗೆ ಬಾರದಂತೆ ಮಾಡಬೇಕು ಎಂಬುದು ಒಪ್ಪಂದವಾಗಿತ್ತು. ಅದರಂತೆ ಅವುಗಳನ್ನು ಬೇಕೆಂದೇ ಹಾಳುಗೆಡವಲಾಯಿತು. ಬಾಂಬರುಗಳಿಲ್ಲದ ಸ್ವತಂತ್ರ ಭಾರತಕ್ಕೆ ಆ ಗುಜರಿಯೇ ಗತಿಯಾಯಿತು. ಒಂದರ ಭಾಗ ಇನ್ನೊಂದಕ್ಕೆ ಜೋಡಿಸಿ, ಹಾರುವ ಮಟ್ಟಕ್ಕೆ ತಂದು, ಎಚ್‌ಎಎಲ್‌ನ ಪರೀಕ್ಷಾ ಪೈಲಟ್ ಜಮ್ಷೆಡ್ ಮುನ್ಷಿ ಅವರು ಅವುಗಳನ್ನು ಬೆಂಗಳೂರಿಗೆ ಹಾರಿಸಿಕೊಂಡು ಬಂದರು. ಇಲ್ಲಿ ಸಂಪೂರ್ಣ ದುರಸ್ತಿಯಾದವು ಸುಮಾರು 40. ಎಚ್‌ಎಎಲ್ ಸ್ವತಃ ವಿನ್ಯಾಸಗೊಳಿಸಿದ ಎಚ್‌ಟಿ-2 ತರಬೇತಿ ವಿಮಾನ 1951ರಲ್ಲಿ ಮೊದಲ ಬಾರಿಗೆ ಹಾರುವುದಕ್ಕೂ ಮುಂಚಿನ ಮಾತಿದು.

1948ರ ನವೆಂಬರ್‌ನಲ್ಲಿ 5ನೇ ಸ್ಕ್ವಾಡ್ರನ್ ಈ ವಿಮಾನಗಳೊಂದಿಗೆ ಕಾರ್ಯಾರಂಭ ಮಾಡಿತು. ಅನಂತರ 6ನೇ ಸ್ಕ್ವಾಡ್ರನ್ ಅವುಗಳನ್ನು ಸಾಗರ ಕಣ್ಗಾವಲಿಗೆ ಬಳಸಿತು. 1968ರಲ್ಲಿ ಅವು ನಿವೃತ್ತವಾದವು. ಅಷ್ಟರಲ್ಲಿ ಬೇರೆಡೆಯ ಲಿಬರೇಟರುಗಳು ಬಹುತೇಕ ಕುಲುಮೆ ಸೇರಿದ್ದವು. ಹೀಗಾಗಿ ಜಗತ್ತಿನ ದೊಡ್ಡ ವಸ್ತುಸಂಗ್ರಹಾಲಯಗಳು ಭಾರತದತ್ತ ಕೈಚಾಚಿದವು. ಕೆನಡಾದ ಒಟ್ಟಾವಾಕ್ಕೆ ಎಚ್‌ಇ 773, ಅಮೆರಿಕದ ಅರಿಜೋನಾದ ಪೀಮಾ ಸಂಗ್ರಹಾಲಯಕ್ಕೆ ಎಚ್‌ಇ 877, ಬ್ರಿಟನ್ನಿನ ರಾಯಲ್ ಏರ್‌ಫೋರ್ಸ್ ಮ್ಯೂಸಿಯಂಗೆ ಎಚ್‌ಇ 807 ಹೋದವು. ಎಚ್‌ಇ 924 ದೆಹಲಿಯ ಪಾಲಂನಲ್ಲಿದೆ. ಹೊರದೇಶಗಳಿಗೆ ಹೋದವುಗಳಲ್ಲಿ ಭಾರತದ ಗುರುತನ್ನು ಅಳಿಸಿ ಆಯಾ ದೇಶದ ಬಣ್ಣ ಬಳಿಯಲಾಗಿದೆ. 20 ವರ್ಷ ದುಡಿಸಿಕೊಂಡ ದೇಶದ ಕುರುಹು ಮೈಮೇಲೆ ಇಲ್ಲದಿರುವುದು ಸ್ವಲ್ಪ ಬೇಸರದ ಸಂಗತಿಯೇ ಸರಿ.

ಮತ್ತೊಂದು ಲಿಬರೇಟರ್ (ಅಮೆರಿಕನ್ ಸಂಖ್ಯೆ 44-44052) ಭಾರತದಿಂದ ಬ್ರಿಟನ್ನಿಗೆ, ಅಲ್ಲಿಂದ 1984ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್‌ನ ಕಾಲಿಂಗ್ಸ್ ಫೌಂಡೇಶನ್‌ಗೆ ಸೇರಿತು. 1989ರಲ್ಲಿ ಹಾರಾಟಕ್ಕೆ ಮರಳಿದ ಅದು ಮೊದಲು 'ಆಲ್ ಅಮೆರಿಕನ್', 1998ರಿಂದ 'ದಿ ಡ್ರ್ಯಾಗನ್ ಅಂಡ್ ಹಿಸ್ ಟೇಲ್', 2005ರಿಂದ 'ವಿಚ್‌ಕ್ರಾಫ್ಟ್' ಎಂದು ಮೂರು ವೇಷಗಳನ್ನು ಧರಿಸಿತು. ಈ ಮೂರು ಹೆಸರುಗಳ ಚಿತ್ರಗಳನ್ನು ಮೂರು ವಿಮಾನಗಳೆಂದು ಎಣಿಸಿದವರಿದ್ದರೆ ಆಶ್ಚರ್ಯವಿಲ್ಲ. 2019ರ ಅಕ್ಟೋಬರ್ 2ರಂದು ಅದೇ ಸಂಸ್ಥೆಯ ಬಿ-17 ಬಾಂಬರ್ ಕನೆಕ್ಟಿಕಟ್‌ನಲ್ಲಿ ಅಪಘಾತಕ್ಕೀಡಾಗಿ ಏಳು ಮಂದಿ ಮೃತಪಟ್ಟರು. ಹಣ ಪಡೆದು ಪ್ರಯಾಣಿಕರನ್ನು ಹಾರಿಸಲು ಸಂಸ್ಥೆಗೆ ಇದ್ದ ಅನುಮತಿಯನ್ನು ಅಮೆರಿಕದ ವಿಮಾನಯಾನ ಆಡಳಿತ 2020ರ ಮಾರ್ಚ್‌ನಲ್ಲಿ ಹಿಂತೆಗೆದುಕೊಂಡಿತು.

ಆಸಕ್ತರು ಬೆಂಗಳೂರಿನಲ್ಲಿಯೇ ಅಭ್ಯಾಸ ಆರಂಭಿಸಬಹುದು. 2001ರಲ್ಲಿ ತೆರೆದ ಎಚ್‌ಎಎಲ್ ವಸ್ತುಸಂಗ್ರಹಾಲಯದಲ್ಲಿ ಎಚ್‌ಟಿ-2, ಮಾರುತ್ ಮೊದಲಾದ ವಿಮಾನಗಳು ಹತ್ತಿರದಿಂದ ನೋಡಲು ಸಿಗುತ್ತವೆ. ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯದಲ್ಲಿಯೂ ಒಂದು ಮಾರುತ್ ಇದೆ. ಇವು ಹಾರುವುದಿಲ್ಲವಾದ್ದರಿಂದ ಶಟರ್ ವೇಗದ ತಲೆನೋವಿಲ್ಲ. ತೆಗೆದ ಪ್ರತಿ ಚಿತ್ರದ ಅಡಿಬರಹದಲ್ಲಿ ವಿಮಾನದ ಮೇಲೆ ಬರೆದಿರುವ ಸಂಖ್ಯೆಯನ್ನು ಒಂದು ಕಡೆ, ದಾಖಲೆಯಿಂದ ಖಚಿತವಾದ ಸಂಖ್ಯೆಯನ್ನು ಇನ್ನೊಂದು ಕಡೆ ಬರೆದಿಟ್ಟುಕೊಳ್ಳಬೇಕು. ಎರಡನೆಯದು ಸಿಗುವವರೆಗೆ ಆ ಜಾಗವನ್ನು ಖಾಲಿ ಬಿಡುವುದು ಲೇಸು.